ವರದಿಯಲ್ಲಿ ಕಾಣದವರು

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದಗಳು. ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಗೆ ಒಂದು ಸಾಲಿದೆಯಲ್ಲ, "ಅತ್ತೆ, ಈ ವರದಿ ಅಚ್ಚಾದಾಗ ನಾನು ಈ ತಂಡದಲ್ಲಿ ಇದ್ದೆ ಅನ್ನೋದಕ್ಕೆ ಒಂದು ಗುರುತೂ ಇರಲ್ಲ" ಅಂತ. ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಅದು ಸುಮ್ನೆ ಬರೆದ ಸಾಲಲ್ಲ. ಅದೇ ಭಯ ಹೊತ್ತುಕೊಂಡು ನಾನೂ ಸಂಶೋಧನೆಯ ಕೆಲಸಕ್ಕೆಂದು ಮನೆ ಮನೆ ತಿರುಗಿದವಳು.

ಸಂಶೋಧನೆ ಅಂದರೆ ಹೊರಗಿನವರಿಗೆ ಒಬ್ಬ ಪ್ರೊಫೆಸರ್ ಕಾಣುತ್ತಾರೆ. ಪ್ರಶ್ನಾವಳಿ ಹಿಡಿದು ಬಾಗಿಲು ತಟ್ಟುವವರು, ರೆಕಾರ್ಡಿಂಗ್ ಕೇಳಿ ಬರೆದಿಳಿಸುವವರು, ಉತ್ತರಗಳನ್ನು ವಿಂಗಡಿಸಿ ಕೋಡ್ ಹಾಕುವವರು, ಬಿಲ್ಲು ಪಾಸು ಮಾಡಿಸಲು ಓಡಾಡುವವರು ಕಾಣುವುದಿಲ್ಲ. ಒಂದು ಗಂಟೆಯ ಮಾತು ಬರೆದಿಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಮಾತಾಡುವವರು ತಡವರಿಸಿ ಸುಮ್ಮನಾದ ಕಡೆ ಏನು ಬರೆಯಬೇಕು? ಅದನ್ನು ತೀರ್ಮಾನಿಸುವವಳು ನೀನು. ಆಮೇಲೆ ಎಲ್ಲರೂ ಓದುವುದು ನೀನು ಕೇಳಿಸಿಕೊಂಡದ್ದನ್ನೇ. ಹಾಗಿದ್ದ ಮೇಲೆ ಗುರುತು ಬೇಕು ಅನ್ನಿಸುವುದು ಸ್ವಾರ್ಥವಲ್ಲ ಮಗಳೇ. ನೀನು ಹಾಗೆ ಅಂದುಕೊಂಡು ನಾಚಿದ್ದೀಯ ಅಂತ ನನಗೆ ಅನುಮಾನ.

ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಊರಿನ ಅಧ್ಯಯನವನ್ನು ನೀನು ತರಗತಿಯಲ್ಲಿ ಓದಿರುತ್ತೀಯ. ಬಟ್ಟೆ ಕಾರ್ಖಾನೆ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. ಜನ ರಸ್ತೆಯಲ್ಲಿ ಎಷ್ಟು ನಿಧಾನ ನಡೆಯುತ್ತಾರೆ ಅನ್ನುವುದನ್ನೂ ಆ ತಂಡ ಅಳೆಯಿತು. 1933ರಲ್ಲಿ ಪುಸ್ತಕ ಬಂದಾಗ ಮುಖಪುಟದಲ್ಲಿ ಬರೆದವರ ಹೆಸರೇ ಇರಲಿಲ್ಲ. ಪುಸ್ತಕ ಅಚ್ಚಾದ ಜರ್ಮನಿಯಲ್ಲಿ ನಾಜಿಗಳು ಬಂದಿದ್ದರು, ಯೆಹೂದಿ ಹೆಸರುಗಳನ್ನು ಹಾಕುವ ಕಾಲವಾಗಿರಲಿಲ್ಲ ಅದು. ಮುಂದಿನ ಆವೃತ್ತಿಗಳಲ್ಲಿ ಯಹೋಡಾ, ಲಾಜರ್ಸ್‌ಫೆಲ್ಡ್, ಝೈಸೆಲ್ ಎಂಬ ಮೂರು ಹೆಸರು ಬಂದವು. ಆದರೆ ಆ ಊರಿನಲ್ಲೇ ವಾರಗಟ್ಟಲೆ ಉಳಿದು, ಮನೆಗಳಿಗೆ ಹೋಗಿ ಮಾತಾಡಿಸಿದ ಲೊಟ್ಟೆ ಡಾನ್ಜಿಂಗರ್ ಎಂಬ ಯುವತಿಯ ಹೆಸರು ಆ ಮೂರರಲ್ಲಿ ಇಲ್ಲ. ಅವರನ್ನು ಎಷ್ಟು ಜನ ನೆನೆಯುತ್ತಾರೆ? ನಿನ್ನ ಸಾಲು ಓದಿದಾಗ ಮೊದಲು ನೆನಪಾದವರು ಅವರೇ.

ಆಮೇಲೆ ನೆನಪಾದವಳು ನನ್ನ ಜೊತೆ ಕೆಲಸ ಮಾಡಿದವಳು. ಯಾವ ಮನೆಗೆ ಯಾವ ಹೊತ್ತಿಗೆ ಹೋಗಬೇಕು, ಗಂಡ ಎದುರಿಗಿದ್ದಾಗ ಯಾವ ಪ್ರಶ್ನೆ ಕೇಳಬಾರದು, ಯಾವಾಗ ಪೆನ್ನು ಕೆಳಗಿಡಬೇಕು, ಎಲ್ಲ ಅವಳಿಗೆ ಗೊತ್ತಿತ್ತು. ವರದಿಯಲ್ಲಿ ನಮಗೆ ಸಿಕ್ಕಿದ್ದು "ಕ್ಷೇತ್ರ ಸಿಬ್ಬಂದಿಗೆ ವಂದನೆಗಳು" ಅನ್ನುವ ಒಂದು ಸಾಲು. ನನಗೆ ಬೇಜಾರಾಯಿತು. ಅವಳು ಏನೂ ಹೇಳಲಿಲ್ಲ. ಯೋಜನೆಯ ದುಡ್ಡು ಮುಗಿಯಿತು, ನಾವೆಲ್ಲ ಚದುರಿ ಹೋದೆವು. ಈಗ ಅವಳಿಲ್ಲ. ಅವಳನ್ನು ಕೂರಿಸಿಕೊಂಡು, ಅವಳಿಗೆ ಗೊತ್ತಿದ್ದದ್ದನ್ನೆಲ್ಲ ಕೇಳಿ ಬರೆದಿಡಲು ಯಾರಿಗೂ ತೋಚಲಿಲ್ಲವಲ್ಲ ಅನ್ನುವ ಕೊರಗು ನನಗೆ ಇವತ್ತಿಗೂ ಇದೆ.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಕಡೆಯ ರಾಂಪುರ ಅನ್ನುವ ಹಳ್ಳಿಯಲ್ಲಿ ಇದ್ದು ಮಾಡಿದ ಕೆಲಸದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬಿದ್ದ ಬೆಂಕಿಯಲ್ಲಿ ಸುಟ್ಟು ಹೋದವು. ಅವರು ನೆನಪನ್ನೇ ನಂಬಿಕೊಂಡು ಬರೆದರು, 1976ರಲ್ಲಿ ಅದು ಪುಸ್ತಕವಾಯಿತು. ಅವರ ಮೇಲೆ ನನಗೆ ಬಹಳ ಗೌರವ. ಆದರೂ ಅನ್ನಿಸುತ್ತದೆ: ಪ್ರೊಫೆಸರರ ನೆನಪು ಪುಸ್ತಕವಾಗುತ್ತದೆ, ಬಾಗಿಲು ತಟ್ಟಿದವಳ ನೆನಪನ್ನು ಕೇಳುವವರೇ ಇಲ್ಲ.

ಇನ್ನೊಂದು ಮಾತು. ನಿನ್ನ ಭಯವನ್ನು ನಿನಗೆ ಉತ್ತರ ಕೊಟ್ಟವರ ವಿಷಯದೊಂದಿಗೆ ಬೆರೆಸಬೇಡ. "ಅವರ ಹೆಸರೂ ಇರುವುದಿಲ್ಲ, ನನ್ನದು ಯಾಕೆ" ಅಂತ ಬರೆದಿದ್ದೀಯ. ಅವರ ಹೆಸರು ಬದಲಿಸುವುದು ಅವರಿಗೆ ತೊಂದರೆ ಆಗದಿರಲಿ ಅಂತ. ನಾವು ಅವರಿಗೆ ಕೊಟ್ಟ ಮಾತು ಅದು. ನಿನ್ನ ಹೆಸರು ಬಿಟ್ಟು ಹೋದರೆ ಅದರಿಂದ ಯಾರಿಗೂ ರಕ್ಷಣೆ ಇಲ್ಲ.

ಏನು ಮಾಡಬೇಕು ಅಂತ ಕೇಳಿದ್ದೀಯ. ನನಗೆ ತಿಳಿದದ್ದು ಕಡಿಮೆ, ನಿಮ್ಮ ಕಾಲದ ರೀತಿಯೇ ಬೇರೆ. ಈಗ ಕ್ರೆಡಿಟ್ ಅನ್ನುವ ಒಂದು ಪಟ್ಟಿ ಇದೆ, ಯಾರು ಯಾವ ಕೆಲಸ ಮಾಡಿದರು ಅಂತ 14 ಬಗೆಯಲ್ಲಿ ತೋರಿಸುತ್ತದೆ. ಮಾಹಿತಿ ಕಲೆಹಾಕುವುದೂ, ಅದನ್ನು ಓರಣವಾಗಿಡುವುದೂ ಅದರಲ್ಲಿ ಸೇರಿವೆ. ಅನೇಕ ಸಂಶೋಧನಾ ಪತ್ರಿಕೆಗಳು ಅದನ್ನು ಬಳಸುತ್ತವೆ. ಲೇಖನ ಬರೆಯಲು ಕೂರುವ ಮೊದಲೇ ನಿಮ್ಮ ತಂಡ ನಡೆಸುವ ಮೇಡಂ ಹತ್ತಿರ ಅದರ ಮಾತೆತ್ತು, ಕೊನೆಗೆ ಕೇಳಿದರೆ ಜಗಳದ ಹಾಗೆ ಕೇಳಿಸುತ್ತದೆ. ಅವರು ಏನೆಂದರು ಅನ್ನುವುದನ್ನು ಒಂದು ಇಮೇಲ್‌ನಲ್ಲಿ ಅವರಿಗೇ ಬರೆದು ಕಳಿಸು. ಇದು ಅತಿಯಾಯಿತೇನೋ, ನಿನಗೆ ಸರಿ ಕಂಡರೆ ಮಾಡು.

ನಿನ್ನದೇ ಒಂದು ದಿನಚರಿ ಇಟ್ಟುಕೋ. ಯಾರ ಹೆಸರು, ಮನೆ ಗುರುತು ಅದರಲ್ಲಿ ಬೇಡ. ಯಾವ ಪ್ರಶ್ನೆಗೆ ಜನ ಮುಖ ತಿರುಗಿಸಿದರು, ನೀನು ಅದನ್ನು ಹೇಗೆ ಬದಲಿಸಿ ಕೇಳಿದೆ ಅಂತ ಬರೆ. ತಂಡದ ಸಭೆಯಲ್ಲಿ ಅದನ್ನೇ ಓದು. ಕೋಡ್ ಹಾಕುವ ಆ ಹುಡುಗನಿಗೂ ಹೇಳು, ಅವನೂ ಇದೇ ಭಯದಲ್ಲಿ ಇರಬಹುದು, ಅಲ್ವಾ? ಇಬ್ಬರೂ ಸೇರಿ ಕೇಳಿದರೆ ಸುಲಭ.

ಮೇಡಂ ಒಪ್ಪದಿದ್ದರೆ ಏನು ಮಾಡಬೇಕೋ ನನಗೆ ಹೇಳಲು ಬರುವುದಿಲ್ಲ ಪುಟ್ಟಿ. ಆಗ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ಮುಂದಿನ ಸಭೆ ಯಾವತ್ತು ಅಂತ ತಿಳಿಸು.

ನಿನ್ನ,
ಅತ್ತೆ