ಯಾರು ಬೇಗ ಕೊಡ್ತಾರೋ ಅವರ ಹತ್ರ

ಪುಟ್ಟಿ,

ನಿನ್ನ ಪತ್ರ ನಿನ್ನೆ ಬಂತು. ದುಡ್ಡು ಯಾಕೆ ಬೇಕು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಕೆದಕುವುದಿಲ್ಲ. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ‘ನಾಲ್ಕೈದು ಕಡೆ ಸಾಲಕ್ಕೆ ಅರ್ಜಿ ಹಾಕಿಬಿಡ್ತೀನಿ ಮಾವ, ಯಾರು ಬೇಗ ಕೊಡ್ತಾರೋ ಅವರ ಹತ್ರ ತಗೊಂಡ್ರಾಯ್ತು’ ಅಂತ. ಅದನ್ನು ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

ನಾನೂ ಒಂದು ಸಲ ಹಾಗೇ ಮಾಡಿದವನು. ನಿಮ್ಮಮ್ಮನಿಗೂ ಇದು ಗೊತ್ತಿಲ್ಲ. ಮಾರನೇ ದಿನವೇ ಕೊಡುತ್ತೇವೆ ಅಂದವರ ಹತ್ತಿರ ಹೋದೆ. ಮೇಜಿಗೆ ದಾರ ಕಟ್ಟಿದ ಪೆನ್ನು. ದಾರ ಎಷ್ಟು ಗಿಡ್ಡ ಅಂದರೆ, ಪೆನ್ನು ನನ್ನ ಕಡೆ ಬರುತ್ತಿರಲಿಲ್ಲ, ನಾನೇ ಬಗ್ಗಬೇಕು. ಬಗ್ಗಿಕೊಂಡೇ ಅಷ್ಟೂ ಹಾಳೆಗೆ ಸಹಿ ಹಾಕಿದೆ. ಒಂದು ಸಾಲೂ ಓದಲಿಲ್ಲ. ಓದುತ್ತಾ ನಿಂತರೆ ಎದುರಿಗೆ ಕೂತವನು ಏನಂದುಕೊಳ್ಳುತ್ತಾನೋ ಅನ್ನೋ ಸಂಕೋಚ.

ವರ್ಷಕ್ಕೆ ನೂರಕ್ಕೆ 12 ಬಡ್ಡಿ ಅಂದಿದ್ದರು. ಪರವಾಗಿಲ್ಲ ಅನ್ನಿಸಿತು. ಅದು ಫ್ಲಾಟ್ ಬಡ್ಡಿ ಅಂತ ಆಮೇಲೆ ತಿಳಿಯಿತು. ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಅಸಲಿನ ಮೇಲೇ. ಒಂದು ವರ್ಷ, 12 ಕಂತು. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ನೋಡಿದರೆ ಅದು ನೂರಕ್ಕೆ 21 ದಾಟುತ್ತದೆ. ಅದು ಸಾಲದು ಅಂತ ಪ್ರೊಸೆಸಿಂಗ್ ಫೀ, ಅಂದರೆ ಅರ್ಜಿ ನೋಡಿದ್ದಕ್ಕೆ ಶುಲ್ಕ, ಅಂತ ಮೊದಲೇ ಮುರಿದುಕೊಂಡರು. ನೂರಕ್ಕೆ 95 ಕೈಗೆ ಬಂತು, ಬಡ್ಡಿ ನೂರಕ್ಕೂ ಕಟ್ಟಿದೆ. ಐದನೇ ಕಂತಿಗೆ ದುಡ್ಡು ಸಾಲಲಿಲ್ಲ ಅಂತ ಇನ್ನೊಬ್ಬರ ಹತ್ತಿರ ಸಾಲ ಮಾಡಿದೆ. ಅವರೂ ಬೇಗ ಕೊಡುವವರೇ.

ನಿಮ್ಮ ತಾತ ಆಗ ಇದ್ದರು. ಕೇಳಿದ್ದರೆ ಬೈದು ಕೊಡುತ್ತಿದ್ದರು. ಬೈಗುಳಕ್ಕೆ ಹೆದರಿ ಬಡ್ಡಿ ಕಟ್ಟಿದೆ, ನೋಡು.

ಬೇಗ ಕೊಡುವವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ನಿನ್ನದೇ ಠೇವಣಿ ಇದ್ದರೆ ಅದರ ಮೇಲೆ ಸಾಲ ಬೇಗ ಸಿಗುತ್ತದೆ, ಬಡ್ಡಿಯೂ ಸಾಮಾನ್ಯವಾಗಿ ಕಡಿಮೆ. ಅದನ್ನು ಮೊದಲು ಕೇಳು. ಆದರೆ ಫೋನಿನಲ್ಲಿ ಹತ್ತು ನಿಮಿಷಕ್ಕೆ ಕೊಡುತ್ತೇವೆ ಅನ್ನುವವರು 14 ದಿನಕ್ಕೆ ನೂರಕ್ಕೆ 5 ಅಂದರೆ ಕಿವಿಗೆ ಚಿಕ್ಕದಾಗೇ ಕೇಳುತ್ತದೆ. ವರ್ಷಕ್ಕೆ ಅಂಥ ಹದಿನಾಲ್ಕು ದಿನಗಳು 26 ಸಲ ಬರುತ್ತವೆ. 130 ಆಯಿತಲ್ಲ? ಎಲ್ಲರ ಲೆಕ್ಕವನ್ನೂ ವರ್ಷಕ್ಕೆ ತಂದು ನೋಡು, ಫೀ ಸೇರಿಸಿ. ಇಲ್ಲಾಂದ್ರೆ ಸುಲಭವಾಗಿ, ಕೈಗೆ ಎಷ್ಟು ಬರುತ್ತದೆ, ಒಟ್ಟು ಎಷ್ಟು ವಾಪಸ್ ಕಟ್ಟಬೇಕು ಅಂತ ಎರಡೇ ಪ್ರಶ್ನೆ ಕೇಳು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯೋ ಯೋಚನೆ ಇದ್ದರೆ, ಅದಕ್ಕೆ ಸಾಮಾನ್ಯವಾಗಿ ತೆಗೆದ ದಿನದಿಂದಲೇ ಬಡ್ಡಿ. ಇದೆಲ್ಲ ನಿನಗೆ ಗೊತ್ತಿರಬಹುದು, ಓದಿದವಳು.

ಆ ನಾಲ್ಕೈದು ಅರ್ಜಿಯ ಮಾತು ಮಾತ್ರ ಬಿಡು ಪುಟ್ಟಿ. ಪ್ರತಿ ಅರ್ಜಿಯೂ ಸಾಮಾನ್ಯವಾಗಿ ಕ್ರೆಡಿಟ್ ವರದಿಯಲ್ಲಿ, ಅಂದರೆ ನಿನ್ನ ಸಾಲಗಳ ಚರಿತ್ರೆ ಇರುವ ಪಟ್ಟಿಯಲ್ಲಿ, ದಾಖಲಾಗುತ್ತದೆ. ಒಂದೇ ವಾರದಲ್ಲಿ ಐದು ಕಂಡರೆ, ಇವಳಿಗೆ ತುಂಬಾ ತುರ್ತು ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಆ ಚರಿತ್ರೆ ನೋಡಿ ನಿನಗೆ ಕೊಡುವ ಅಂಕ, ಸ್ಕೋರ್, ಅದೂ ಇಳಿಯಬಹುದು. ದರ ಎಷ್ಟು, ಅವಧಿಗೆ ಮೊದಲೇ ತೀರಿಸಿದರೆ ದಂಡ ಉಂಟಾ ಅಂತ ಐದು ಕಡೆ ಬೇಕಾದರೆ ವಿಚಾರಿಸು. ಅರ್ಜಿ ಒಂದು ಕಡೆ ಹಾಕು.

ಇನ್ನೂ ಯಾವುದಕ್ಕೂ ಸಹಿ ಹಾಕಿಲ್ಲ ತಾನೇ? ಅವರು ಹೇಳಿದ ಅಂಕಿಗಳನ್ನು ಹಾಗೇ ಬರೆದು ಕಳಿಸು. ನಾನು ಕೂತು ಲೆಕ್ಕ ಹಾಕುತ್ತೇನೆ, ಎರಡು ದಿನ ಕಾಯಿ. ನಾನು ಬೈಯುವುದಿಲ್ಲ.

ನಿನ್ನ ಮಾವ