ಫಿಲಂ ತೊಳೆಯಲು ಊರಿಗೊಂದು ಡಾರ್ಕ್‌ರೂಮ್ ಇರಲಿ

ಮಾನ್ಯರೇ,

ಫಿಲಂ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಈಚೆಗೆ ಮತ್ತೆ ಕಾಣಿಸಿಕೊಳ್ಳುತ್ತಿದ್ದಾರೆ. ಇದನ್ನು ನಾಲ್ಕು ದಿನದ ಶೋಕಿ ಎಂದು ತಳ್ಳಿಹಾಕುವವರೇ ಹೆಚ್ಚು. ಡಿಜಿಟಲ್ ಬಂದ ಮೇಲೂ ಫಿಲಂ ಬಿಡದ ಹವ್ಯಾಸಿಯಾದ ನನಗೆ ಈ ಮಾತು ಸರಿಯೆನಿಸುವುದಿಲ್ಲ.

ಕಪ್ಪು-ಬಿಳುಪು ನೆಗೆಟಿವ್‌ಗೆ ಬಿರುಬಿಸಿಲನ್ನು ತಾಳಿಕೊಳ್ಳುವ ಗುಣವಿದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಟಮಟ ಮಧ್ಯಾಹ್ನ ತೆಗೆದ ಚಿತ್ರದಲ್ಲಿ ಹೂವಿನವರ ಬಿಳಿ ಪಂಚೆಯ ನೆರಿಗೆಯೂ, ಅವರ ಹಿಂದೆ ನೆರಳಿನಲ್ಲಿ ಪೇರಿಸಿಟ್ಟ ಬುಟ್ಟಿಗಳ ಹೆಣಿಗೆಯೂ ಒಟ್ಟಿಗೆ ಉಳಿದುಕೊಳ್ಳುತ್ತವೆ. ಸಂಡೂರಿನ ಎಂ.ವೈ. ಘೋರ್ಪಡೆ ಮತ್ತು ಟಿ.ಎನ್.ಎ. ಪೆರುಮಾಳ್ ಅವರ ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಲಿನಲ್ಲಿ 36 ಚಿತ್ರಗಳಷ್ಟೇ ಇರುವುದರಿಂದ ನೋಡಿ ತೆಗೆಯುವುದು ರೂಢಿಯಾಗುತ್ತದೆ ಎಂಬ ಮಾತು ಸವಕಲಾದರೂ ಸುಳ್ಳಲ್ಲ.

ಆದರೆ ಈ ಹವ್ಯಾಸದ ಅರ್ಧ ಸುಖವಿರುವುದು ರೋಲನ್ನು ನಾವೇ ತೊಳೆಯುವುದರಲ್ಲಿ, ಎಂದರೆ ರಾಸಾಯನಿಕ ದ್ರಾವಣಗಳಲ್ಲಿ ಅದ್ದಿ ಚಿತ್ರ ಮೂಡಿಸುವುದರಲ್ಲಿ. ಇಲ್ಫರ್ಡ್‌ನ ಎಚ್‌ಪಿ5 ಪ್ಲಸ್ ಫಿಲಂ, ತಯಾರಾದ ಮೇಲೆ ಮತ್ತೆ ನೀರು ಬೆರೆಸದ, ಚಿತ್ರ ಮೂಡಿಸುವ ಡಿ-76 ದ್ರಾವಣದಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶಕ್ಕೆ ಏಳೂವರೆ ನಿಮಿಷ ಕೇಳುತ್ತದೆ. ನಮ್ಮ ಬೇಸಿಗೆಯ ನಲ್ಲಿ ನೀರು ಅದಕ್ಕಿಂತ ಬಿಸಿಯಾಗಿದ್ದು, ಹಾಗೆಯೇ ಬಳಸಿದರೆ ದ್ರಾವಣ ಬೇಗ ಕೆಲಸ ಮಾಡಿ, ಅವಧಿ ತೀರಾ ಕಡಿಮೆಯಾಗಿ ಆಕಾಶದ ಭಾಗದಲ್ಲಿ ಮೋಡವೋ ಕಲೆಯೋ ತಿಳಿಯದಂಥ ಗುರುತುಗಳು ಮೂಡಬಹುದು. ಹಾಗಾಗಿ ಐಸು ಹಾಕಿದ ಬಕೆಟ್ಟಿನಲ್ಲಿ ದ್ರಾವಣದ ಬಾಟಲಿಗಳನ್ನಿಟ್ಟು, ಥರ್ಮಾಮೀಟರ್ ನೋಡುತ್ತಾ ಕಾಯಬೇಕು. ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ಹೈಪೊ ದ್ರಾವಣ ಪೂರ್ತಿ ಹೋಗುವಂತೆ ನೀರಿನಲ್ಲಿ ತೊಳೆಯದಿದ್ದರೆ ಕೆಲವು ವರ್ಷಗಳಲ್ಲಿ ಹಳದಿ ಕಲೆ ಏಳುತ್ತದೆ. ಚೆನ್ನಾಗಿ ತೊಳೆದು, ತೇವ ತಾಗದಂತೆ ಇಟ್ಟ ನೆಗೆಟಿವ್ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ.

ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲಂಸ್ ‘ಇಂದು’ ಹೆಸರಿನ ಫಿಲಂ ಒದಗಿಸುತ್ತಿತ್ತು. ಆ ಕಾರ್ಖಾನೆ ಮುಚ್ಚಿತು. ಈಗ ವಿದೇಶದಿಂದ ಬರುವ ರೋಲಿಗೆ ಕೇಳಿದಷ್ಟು ಬೆಲೆ ತೆರಬೇಕು. ಅದು ನಮ್ಮ ಕೈಯಲ್ಲಿಲ್ಲ, ಇರಲಿ. ತೊಳೆಯುವ ಜಾಗವನ್ನಾದರೂ ನಾವು ಉಳಿಸಿಕೊಳ್ಳಬಹುದಿತ್ತು. ಸ್ಟುಡಿಯೊಗಳ ಡಾರ್ಕ್‌ರೂಮ್‌ಗಳು, ಎಂದರೆ ಫಿಲಂ ತೊಳೆಯುವ ಕತ್ತಲೆ ಕೋಣೆಗಳು, ಸಾಮಾನು ತುಂಬುವ ಕೋಣೆಗಳಾಗಿವೆ. ಎಳೆಯರು ರೋಲನ್ನು ಕೊರಿಯರ್‌ನಲ್ಲಿ ದೂರದೂರಿಗೆ ಕಳುಹಿಸಿ ಮೊಬೈಲಿಗೆ ಸ್ಕ್ಯಾನ್ ತರಿಸಿಕೊಳ್ಳುತ್ತಾರೆ. ನೆಗೆಟಿವನ್ನು ಮರಳಿ ಕೇಳದವರೂ ಇದ್ದಾರೆಂದರೆ ನನಗೆ ಸಂಕಟವಾಗುತ್ತದೆ.

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂತಹ, ಛಾಯಾಗ್ರಹಣ ಕಲಿಸುವ ಸಂಸ್ಥೆಗಳು ರಜಾದಿನಗಳಲ್ಲಿ ಸಣ್ಣ ಶುಲ್ಕ ಪಡೆದು ಸಾರ್ವಜನಿಕರಿಗೆ ಡಾರ್ಕ್‌ರೂಮ್ ಸೌಲಭ್ಯ ಕಲ್ಪಿಸುವ ಬಗ್ಗೆ ಯೋಚಿಸಬೇಕೆಂದು ಕೋರುತ್ತೇನೆ. ಬಳಸಿದ ಹೈಪೊದಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅದನ್ನು ಮನೆಮನೆಯ ಚರಂಡಿಗೆ ಸುರಿಯುವ ಬದಲು ಒಂದೆಡೆ ಸಂಗ್ರಹಿಸಿ ವಿಲೇವಾರಿ ಮಾಡುವುದಕ್ಕೂ ಇದರಿಂದ ಅನುಕೂಲವಾಗುತ್ತದೆ. ನೆಗೆಟಿವ್‌ನಿಂದ ಕಾಗದದ ಮೇಲೆ ದೊಡ್ಡ ಚಿತ್ರ ಮೂಡಿಸುವ ಎನ್‌ಲಾರ್ಜರ್‌ಗಳು ಹಲವು ಹವ್ಯಾಸಿಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿವೆ. ಕೋಣೆ ಸಿಕ್ಕರೆ ನನ್ನದನ್ನು ಕೊಡಲು, ಬಂದವರಿಗೆ ಕೆಲಸ ಹೇಳಿಕೊಡಲು ನಾನು ಸಿದ್ಧನಿದ್ದೇನೆ.

– ಹವ್ಯಾಸಿ ಛಾಯಾಗ್ರಾಹಕ, ಮೈಸೂರು