ಮೂರನೇ ಡ್ರಮ್ಮಿನ ಜಾಗ ಕಾದವರಿಗೆ

2025ರ ಆಗಸ್ಟ್ 8, ಶುಕ್ರವಾರ. ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಮ್ಮಿನಿಂದ ಬಂದು, ಬಸ್ಸುಗಳು ನಿಂತಿದ್ದ ಜಾಗದಲ್ಲಿ ನನ್ನ ಮಗಳು ಹೆಗಲ ಮೇಲಿದ್ದ ಡ್ರಮ್ಮನ್ನು ಕೊನೆಯ ಸಲ ಇಳಿಸಿದಳು. ಅವಳಿಗಾಗ 21. ಡ್ರಮ್ ಕೋರ್ ಅಂದರೆ ಬೇಸಿಗೆಯಲ್ಲಿ ಊರೂರು ಸುತ್ತಿ ಪ್ರದರ್ಶನ ಕೊಡುವ ಎಳೆಯರ ವಾದ್ಯತಂಡ; ಅಲ್ಲಿ ಆಗ ಅದೇ ಕಡೆಯ ವಯಸ್ಸು. ಮುಂದಿನ ಬೇಸಿಗೆಯಲ್ಲಿ ಅವಳು ಅಲ್ಲಿರುವಂತಿರಲಿಲ್ಲ. 'ಏಜ್ ಔಟ್' ಅನ್ನುತ್ತಾರೆ. ಜೊತೆಯವರೆಲ್ಲ ಹೆಗಲಿಗೆ ಹೆಗಲು ಕೊಟ್ಟು ಸುತ್ತ ನಿಂತು ತಮ್ಮ ಕೋರ್‌ನ ಹಾಡು ಹಾಡುತ್ತಿದ್ದರು. ನಾನು ಸ್ವಲ್ಪ ದೂರದಲ್ಲಿ, ಅಡುಗೆ ಟ್ರಕ್ಕಿನ ಮೆಟ್ಟಿಲ ಮೇಲೆ ಕೂತಿದ್ದೆ. ನಾಲ್ಕು ವರ್ಷದ ಋಣ ಒಂದೇ ಸಲ ನೆನಪಾಯಿತು. ಅದನ್ನು ಬರೆದಿಡದೆ ಇರಲಾರೆ ಅನ್ನಿಸಿತು.

ಇಂಗ್ಲಿಷಿನಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿಯಾಗಿದೆ, ಕೈ ಹಿಡಿದುಕೊಂಡೇ ಹೇಳಿದ್ದೇನೆ. ಆದರೂ ಕನ್ನಡದಲ್ಲಿ ಬರೆಯುವುದು ಬಾಕಿ ಇತ್ತು. ನನ್ನವಳು, ಅಂದರೆ ತೀರಿಕೊಂಡ ನನ್ನ ಹೆಂಡತಿ, ಓದುತ್ತಿದ್ದದ್ದು ಕನ್ನಡ. ಅದೂ ಅಲ್ಲದೆ ಊರಿನವರು ಇವತ್ತಿಗೂ ಕೇಳುತ್ತಾರೆ: "ಅವಳು ಹೋದ ಮೇಲೆ ಆ ಪರದೇಶದಲ್ಲಿ ನಿಮ್ಮಿಬ್ಬರನ್ನ ನೋಡಿಕೊಂಡವರು ಯಾರು?" ಒಂದು ಶಾಲೆಯ ಬ್ಯಾಂಡಿನವರು ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ. ಬ್ಯಾಂಡ್ ಅಂದರೆ ನನ್ನ ತಲೆಯಲ್ಲಿದ್ದದ್ದು ಆಗಸ್ಟ್ ಹದಿನೈದಕ್ಕೆ ನಮ್ಮ ಶಾಲೆಯಲ್ಲಿ ಬಾರಿಸುತ್ತಿದ್ದ ನಾಲ್ಕು ಡ್ರಮ್ಮು, ಒಂದು ಬ್ಯೂಗಲ್. ಇಲ್ಲಿ ಮಗಳ ಹೈಸ್ಕೂಲಿನ ಬ್ಯಾಂಡಿನಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು. ಆಗಸ್ಟ್ ತಿಂಗಳ ಸುಡುಬಿಸಿಲಿನಲ್ಲಿ ಗೆರೆ ಎಳೆದ ಡಾಂಬರಿನ ಮೇಲೆ ಹೆಜ್ಜೆ ಕಲಿಯುತ್ತಾರೆ. ಒಬ್ಬೊಬ್ಬರಿಗೂ ಮೈದಾನದ ಮೇಲೆ ಇಂಥ ಗೆರೆಯಿಂದ ಇಷ್ಟು ಹೆಜ್ಜೆ ಎಂದು ಲೆಕ್ಕ ಹಾಕಿ ಗುರುತಿಸಿದ ಜಾಗ ಇರುತ್ತದೆ. ಅದಕ್ಕೆ 'ಡಾಟ್' ಎಂದು ಹೆಸರು. ಒಂದು ಪ್ರದರ್ಶನದಲ್ಲಿ ಅಂಥ ಹತ್ತಾರು ಡಾಟ್‌ಗಳಿಗೆ ಬಾರಿಸುತ್ತಲೇ ಹೋಗಿ ನಿಲ್ಲಬೇಕು. ಶುಕ್ರವಾರ ರಾತ್ರಿ ಫುಟ್‌ಬಾಲ್ ಪಂದ್ಯದ ಅರ್ಧ ವಿರಾಮದಲ್ಲಿ ಆಟ, ಶನಿವಾರ ಸ್ಪರ್ಧೆ.

ಮಗಳದು ಬೇಸ್ ಡ್ರಮ್. ಐದು ಡ್ರಮ್ಮುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲುತ್ತವೆ. ಒಬ್ಬೊಬ್ಬರದು ಒಂದೊಂದೇ ಸ್ವರ. ಒಂದು ಪೆಟ್ಟು ಇವನದು, ಕಣ್ಣು ಮಿಟುಕಿಸುವುದರೊಳಗೆ ಮರುಪೆಟ್ಟು ಪಕ್ಕದವಳದು. ಹೀಗೆ ಐವರು ಹಂಚಿಕೊಂಡು ಬಾರಿಸಿದ್ದು ಕೇಳುವವರಿಗೆ ಒಬ್ಬರೇ ಬಾರಿಸಿದಂತೆ ಹರಿಯಬೇಕು. ನನ್ನ ಮಗಳು ಮೂರನೇ ಡ್ರಮ್, ನಟ್ಟನಡುವೆ. ನಡುವಿನವರು ಬರದಿದ್ದರೆ ಇಡೀ ಸಾಲು ಕುಂಟುತ್ತದೆ.

ಅವಳು ಡ್ರಮ್ ಆರಿಸಿಕೊಂಡಾಗ ಓದು ಹಿಂದೆ ಬೀಳುತ್ತದೆ ಎಂದು ನಾನು ಒಪ್ಪಿರಲಿಲ್ಲ. ನನ್ನವಳು ಸಾಗರದ ಕಡೆಯವಳು, ಡೊಳ್ಳು ಕೇಳಿಕೊಂಡು ಬೆಳೆದವಳು. "ಡೊಳ್ಳಿಗೆ ಒಂದು ಕಡೆ ಕೋಲು, ಇನ್ನೊಂದು ಕಡೆ ಅಂಗೈ. ಇದಕ್ಕೆ ಎರಡೂ ಕಡೆ ಕೋಲು. ಅಷ್ಟೇ ಬಿಡಿ, ಹೋಗ್ಲಿ ಅವಳು" ಅಂದಳು. ಮಗಳನ್ನು ಕಳಿಸಿದ್ದಷ್ಟೇ ಅಲ್ಲ, ಹಿಂದೆಯೇ ತಾನೂ ಹೋಗಿ ಸಮವಸ್ತ್ರದ ಕೋಣೆಯಲ್ಲಿ ಸ್ವಯಂಸೇವಕಿಯಾದಳು.

ಆ ಕೋಣೆಯ ಬಗ್ಗೆ ಹೇಳಬೇಕು. ಬ್ಯಾಂಡಿನ ಸಮವಸ್ತ್ರ ಶಾಲೆಯದು, ಮಕ್ಕಳದಲ್ಲ. ಈ ವರ್ಷ ಒಬ್ಬಳು ಹಾಕಿದ್ದನ್ನು ಮುಂದಿನ ವರ್ಷ ಇನ್ನೊಬ್ಬ ಹಾಕುತ್ತಾನೆ. ಆದ್ದರಿಂದ ಪ್ಯಾಂಟಿನ ಕಾಲನ್ನು ಯಾರೂ ಕತ್ತರಿಸುವುದಿಲ್ಲ. ಆಗಸ್ಟ್‌ನಲ್ಲಿ ಮಗುವಿನ ಎತ್ತರ ನೋಡಿ, ಒಳಗೆ ಮಡಿಚಿ, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕುತ್ತಾರೆ. ಸೀಸನ್ ಮುಗಿದ ಮೇಲೆ ಬಿಚ್ಚುತ್ತಾರೆ. ಇನ್ನೂರು ಚಿಲ್ಲರೆ ಪ್ಯಾಂಟು, ನಾನೂರು ಚಿಲ್ಲರೆ ಕಾಲು. ಒಬ್ಬನದು ಒಂದು ಬೆರಳು ಮೇಲಿದ್ದರೂ ಗ್ಯಾಲರಿಯಲ್ಲಿ ಕೂತವರಿಗೆ ಕಾಣುತ್ತದೆ. ಆಮೇಲೆ ಟೋಪಿಯ ತುರಾಯಿ. ಮೈದಾನಕ್ಕೆ ಇಳಿಯುವ ಮುನ್ನ ತಾಯಂದಿರು ಬಾಗಿಲ ಬಳಿ ನಿಂತು ಒಂದೊಂದು ಟೋಪಿಗೂ ಗರಿಯ ತುರಾಯಿ ಸಿಕ್ಕಿಸುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ತಲೆ ಬಗ್ಗಿಸುತ್ತಾರೆ. ಮೂರು ವರ್ಷ ನನ್ನವಳು ಆ ಬಾಗಿಲಲ್ಲಿದ್ದಳು.

2021ರ ಮಾರ್ಚ್‌ನಲ್ಲಿ ಅವಳ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಆ ಆಗಸ್ಟ್‌ನಲ್ಲೂ ಕೀಮೋ ನಡುವಿನ ವಾರಗಳಲ್ಲಿ ಅವಳು ಹೋಗಿ ಹೊಲಿದಳು. ಹೋಗಲಾಗದ ದಿನ ಇಬ್ಬರು ತಾಯಂದಿರು ಪ್ಯಾಂಟುಗಳನ್ನು ಬುಟ್ಟಿಯಲ್ಲಿ ತಂದು ಅವಳ ಹಾಸಿಗೆಯ ಪಕ್ಕವೇ ಕೂತು ಹೊಲಿದರು. "ನೀನು ಮಲಗು" ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಸೂಜಿ ಪೋಣಿಸಿ ಅವಳ ಕೈಗೆ ಕೊಡುತ್ತಿದ್ದರು. ಆಗ ನನಗೆ ಸಿಟ್ಟು ಬರುತ್ತಿತ್ತು. ಅವಳಿಗೆ ಆಗ ಏನು ಬೇಕಿತ್ತೋ ಅದನ್ನು ನನಗಿಂತ ಚೆನ್ನಾಗಿ ತಿಳಿದಿದ್ದವರು ಅವರು. ನನ್ನ ಮೊದಲ ನಮಸ್ಕಾರ ಆ ಇಬ್ಬರಿಗೆ.

ಅಕ್ಟೋಬರ್ 12, ಮಂಗಳವಾರ ಬೆಳಗಿನ ಜಾವ ಅವಳು ಹೋದಳು.

ಇಲ್ಲಿನ ಕನ್ನಡದ ಮನೆಗಳವರು ಆ ಹದಿಮೂರು ದಿನ ನಮ್ಮ ಒಲೆ ಹಚ್ಚಲು ಬಿಡಲಿಲ್ಲ. ಸಾರು, ಅನ್ನ, ಮಜ್ಜಿಗೆ ಹೊತ್ತು ಹೊತ್ತಿಗೆ ಬರುತ್ತಿತ್ತು. ಪುರೋಹಿತರನ್ನು ಹುಡುಕಿದ್ದು, ಊರಿನವರಿಗೆ ವಿಡಿಯೊದಲ್ಲಿ ತೋರಿಸಿದ್ದು, ಎಲ್ಲ ಅವರೇ. ಅವರ ಉಪಕಾರ ಹೇಳಿ ತೀರಿಸುವಂಥದ್ದಲ್ಲ; ಅವರೂ ಹೇಳಿಸಿಕೊಳ್ಳುವವರಲ್ಲ.

ಆ ವಾರ ಮಗಳು ಅಭ್ಯಾಸಕ್ಕೆ ಹೋಗಲಿಲ್ಲ. ಮುಂದಿನ ಶನಿವಾರ, 23ನೇ ತಾರೀಕು, ದೊಡ್ಡ ಸ್ಪರ್ಧೆಯಿತ್ತು. ಅವಳ ಡ್ರಮ್ಮನ್ನು ಬೇರೆಯವರಿಗೆ ಕೊಡಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಗುರುವಾರ ಸಂಜೆ ಅವಳ ಫೋನಿಗೆ ಒಂದು ವಿಡಿಯೊ ಬಂತು. ಅವಳು ನನಗೆ ತೋರಿಸಿದಳು. ಡಾಂಬರಿನ ಮೇಲೆ ನಾಲ್ವರು ಬಾರಿಸುತ್ತಿದ್ದಾರೆ. ಎರಡನೆಯವನಿಗೂ ನಾಲ್ಕನೆಯವಳಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದಾರೆ. ನಡೆಯುವಾಗಲೂ ಆ ಜಾಗ ಜೊತೆಗೇ ನಡೆಯುತ್ತಿದೆ, ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅವಳ ಪೆಟ್ಟು ಬರಬೇಕಾದ ಕಡೆ ಯಾರೂ ಕೋಲು ಎತ್ತುವುದಿಲ್ಲ. ನಾಲ್ವರೂ ಒಟ್ಟಿಗೆ ಬಾಯಲ್ಲಿ "ಡಟ್" ಅನ್ನುತ್ತಾರೆ. ಡ್ರಮ್ಮಿನವರು ತಾಳ ಎಣಿಸುವ ಶಬ್ದ ಅದು. ಇಡೀ ಹಾಡಿನ ಉದ್ದಕ್ಕೂ ಅವಳ ಒಂದೊಂದು ಪೆಟ್ಟಿಗೂ ಒಂದೊಂದು ಡಟ್. ಒಂದನ್ನೂ ಬಿಟ್ಟಿರಲಿಲ್ಲ.

ಮಗಳು ಅದನ್ನು ಎಷ್ಟು ಸಲ ನೋಡಿದಳೋ. ಬೆಳಿಗ್ಗೆ ಎದ್ದು, "ಅಪ್ಪಾ, ಶನಿವಾರ ಹೋಗ್ಲಾ?" ಅಂತ ಕೇಳಿದಳು.

ಸೂತಕ ಕಳೆದಿರಲಿಲ್ಲ. ನನಗೆ ಏನು ಹೇಳಬೇಕೋ ತೋಚದೆ ಊರಿಗೆ, ನನ್ನ ಅಮ್ಮನಿಗೆ ಫೋನ್ ಮಾಡಿದೆ. ಮಡಿ-ಮೈಲಿಗೆಯಲ್ಲಿ ಒಂದು ಕೂದಲೆಳೆಯಷ್ಟೂ ಬಿಟ್ಟುಕೊಡದ ಹೆಂಗಸು. ಸುಮಾರು ಹೊತ್ತು ಸುಮ್ಮನಿದ್ದು, "ಹಾಕ್ಕಳೋ ಬಟ್ಟೆ ಅವಳಮ್ಮ ಹೊಲಿದದ್ದೇ ಅಲ್ವನಾ? ಕಳ್ಸು ಮಾರಾಯಾ" ಅಂದರು. ಅಮ್ಮಾ, ಈ ಪಟ್ಟಿಯಲ್ಲಿ ನೀವೂ ಇದ್ದೀರಿ.

ಶನಿವಾರ ನಾನು ಮೊದಲ ಸಲ ಆ ಬಾಗಿಲ ಹತ್ತಿರ ಹೋಗಿ ನಿಂತೆ. ಮಗಳ ಸರದಿ ಬಂತು. ಬೇರೊಬ್ಬ ತಾಯಿ ತುರಾಯಿ ಸಿಕ್ಕಿಸಿ, ಎಲ್ಲರಿಗೂ ಮಾಡಿದಂತೆ ಟೋಪಿಯ ನೆತ್ತಿಯನ್ನು ಎರಡು ಬೆರಳಿನಿಂದ ತಟ್ಟಿ ಮುಂದೆ ಕಳಿಸಿದರು. ಅಪ್ಪಿಕೊಳ್ಳಲಿಲ್ಲ, ಕಣ್ಣೀರು ಹಾಕಲಿಲ್ಲ. ಅವತ್ತು ಅಪ್ಪಿಕೊಂಡಿದ್ದರೆ ಅವಳು ಮೈದಾನಕ್ಕೆ ಇಳಿಯುತ್ತಿರಲಿಲ್ಲ ಎಂದು ಮಗಳೇ ಆಮೇಲೆ ಹೇಳಿದಳು. ಅವಳು ಆಟ ಮುಗಿಸಿ ಕಾಣದ ಕಡೆಗೆ ಹೋದ ಮೇಲೆ ಆ ತಾಯಿ ಗೋಡೆಗೆ ಮುಖ ಮಾಡಿ ಅತ್ತರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ.

ಡಿಸೆಂಬರ್‌ನಲ್ಲಿ ಸಮವಸ್ತ್ರದ ಕೋಣೆಯಿಂದ ನನಗೆ ಕರೆ ಬಂತು. ಹೊಲಿಗೆ ಬಿಚ್ಚುವ ಕೆಲಸ ಇದೆ, ಕೈ ಕಡಿಮೆ ಇದೆ ಅಂದರು. ಕೈ ಕಡಿಮೆ ಇರಲಿಲ್ಲ, ಹೋದಾಗ ಹತ್ತು ಜನ ಇದ್ದರು. ನನಗೊಂದು ಕುರ್ಚಿ ತೋರಿಸಿ, ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ ಕೊಟ್ಟರು. ನಾಲ್ಕನೆಯದೋ ಐದನೆಯದೋ ಪ್ಯಾಂಟಿಗೆ ನನ್ನವಳ ಕೈ ಸಿಕ್ಕಿತು. ಅವಳು ಗಂಟು ಎರಡೆರಡು ಸಲ ಹಾಕುತ್ತಿದ್ದಳು, ನಮ್ಮ ಮನೆಯ ದಿಂಬು, ಪರದೆ ಎಲ್ಲದರಲ್ಲೂ ಅದೇ ಗಂಟು. ಆ ಸಂಜೆ ಅಂಥ ಮೂವತ್ತೊಂದು ಪ್ಯಾಂಟು ಬಿಚ್ಚಿದೆ. ಎಣಿಸಿದ್ದೆ. ಅವು ನನ್ನ ಮುಂದೆಯೇ ಬಂದು ಬೀಳುತ್ತಿದ್ದದ್ದು ಆಕಸ್ಮಿಕ ಇರಲಾರದು ಎಂದು ಹೊಳೆದದ್ದು ಮನೆಗೆ ಬಂದ ಮೇಲೆ.

ಮಗಳ ಪ್ಯಾಂಟು ಬಂದಾಗ ಮಾತ್ರ ಕೈ ಓಡಲಿಲ್ಲ. ಪಕ್ಕದಲ್ಲಿದ್ದ ಹಿರಿಯಾಕೆ ಅದನ್ನು ತೆಗೆದು, ಮಡಿಚಿ, ಕಪಾಟಿನ ಮೇಲಿನ ಅರೆಯಲ್ಲಿಟ್ಟರು. ಎಂಟು ತಿಂಗಳು ಅದು ಅಲ್ಲೇ ಇತ್ತು. ಮುಂದಿನ ಆಗಸ್ಟ್‌ನಲ್ಲಿ, ಮಗಳು ಕಾಲೇಜಿಗೆ ಹೋದ ಮೇಲೆ, ಒಂಬತ್ತನೇ ತರಗತಿಯ ಒಬ್ಬ ಕುಳ್ಳ ಹುಡುಗನಿಗೆ ಆ ಅಳತೆ ಬೇಕಾಯಿತು. ಆಕೆ ನನ್ನ ಮುಖ ನೋಡಿದರು. ನಾನೇ ಇಳಿಸಿ, ನಾನೇ ಬಿಚ್ಚಿ, ಆ ಹುಡುಗನ ಎತ್ತರಕ್ಕೆ ಮಡಿಚಿ ಹೊಲಿದೆ. ಅಷ್ಟು ಹೊತ್ತಿಗೆ ನನಗೆ ಹೊಲಿಗೆ ಬಂದಿತ್ತು. ಗಂಟು ಎರಡು ಸಲ ಹಾಕಿದೆ. ಮಗಳು ಆ ಶಾಲೆ ಬಿಟ್ಟು ಇಷ್ಟು ವರ್ಷವಾದರೂ ಪ್ರತಿ ಆಗಸ್ಟ್‌ನಲ್ಲಿ ನನ್ನನ್ನು ಆ ಕುರ್ಚಿಯಲ್ಲಿ ಕೂರಲು ಬಿಟ್ಟಿದ್ದೀರಲ್ಲ, ಅದಕ್ಕೆ ಯಾವ ಭಾಷೆಯಲ್ಲೂ ನನ್ನ ಬಳಿ ಸರಿಯಾದ ಮಾತಿಲ್ಲ.

2023ರ ಸೆಪ್ಟೆಂಬರ್ 21ರಂದು ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನ ಫಾರ್ಮಿಂಗ್‌ಡೇಲ್ ಹೈಸ್ಕೂಲಿನ ಬ್ಯಾಂಡ್ ಮಕ್ಕಳು ಕ್ಯಾಂಪಿಗೆ ಹೋಗುತ್ತಿದ್ದ ಬಸ್ಸು ಉರುಳಿತು. ಬ್ಯಾಂಡ್ ನಿರ್ದೇಶಕಿಯೂ, ಮಕ್ಕಳ ಜೊತೆ ಹೊರಟಿದ್ದ ಒಬ್ಬ ನಿವೃತ್ತ ಶಿಕ್ಷಕಿಯೂ ತೀರಿಕೊಂಡರು. ನಮ್ಮ ಕೋಣೆಯಲ್ಲಿ ಅವರನ್ನು ಕಂಡವರು ಯಾರೂ ಇರಲಿಲ್ಲ. ಆದರೂ ಅವತ್ತು ಸೂಜಿಗಳು ನಿಂತವು. ನಿವೃತ್ತಿಯಾದ ಮೇಲೂ ಬೇರೆಯವರ ಮಕ್ಕಳ ಜೊತೆ ಬಸ್ಸು ಹತ್ತುವವರು ಎಂಥವರು ಅಂತ ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

ಡ್ರಮ್ ಕೋರ್‌ನ ವಿಷಯಕ್ಕೆ ಬರುತ್ತೇನೆ. ಇದು ಶಾಲೆಗೆ ಸೇರಿದ್ದಲ್ಲ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳು, ಚರ್ಚುಗಳು ಊರೂರಲ್ಲಿ ಬೆಳೆಸಿದ ತಂಡಗಳಿಂದ ಬಂದ ಪರಂಪರೆ. ಈ ತಂಡಗಳ ಸ್ಪರ್ಧೆ ನಡೆಸುವ ಸಂಸ್ಥೆ ಡ್ರಮ್ ಕೋರ್ ಇಂಟರ್‌ನ್ಯಾಷನಲ್‌ನ ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆಯಿತು. ಹಿತ್ತಾಳೆಯ ವಾದ್ಯ, ಡ್ರಮ್ಮು, ಬಾವುಟ ಬೀಸುವವರು, ಮುಖ್ಯವಾಗಿ ಇವರೇ. ಕೊಳಲು, ಕ್ಲಾರಿನೆಟ್ ಇರುವುದಿಲ್ಲ. ದೊಡ್ಡ ಕೋರ್‌ಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಮಕ್ಕಳು. ಬೇಸಿಗೆಯಿಡೀ ಊರಿಂದೂರಿಗೆ ಬಸ್ಸಿನಲ್ಲಿ ಹೋಗುತ್ತಾರೆ, ಯಾವುದೋ ಶಾಲೆಯ ಜಿಮ್ಮಿನ ನೆಲದ ಮೇಲೆ ಮಲಗುತ್ತಾರೆ. ಅವರ ಜೊತೆ ಅಡುಗೆ ಟ್ರಕ್ಕೂ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಊಟ. ಬೇಯಿಸುವವರು, ಬಡಿಸುವವರು ಬಹುಪಾಲು ಸ್ವಯಂಸೇವಕರು. ಮಗಳು 2023ರಲ್ಲಿ ಸೇರಿದಳು, ನಾನು ಮೂರೂ ಬೇಸಿಗೆಯಲ್ಲಿ ರಜೆ ಹಾಕಿ ಒಂದೊಂದು ವಾರ ಟ್ರಕ್ಕಿನಲ್ಲಿ ಈರುಳ್ಳಿ ಹೆಚ್ಚಿದೆ.

ಅಲ್ಲಿ ಯಾರೂ ನನ್ನ ಕಥೆ ಕೇಳಲಿಲ್ಲ. ಸ್ವಲ್ಪ ದಿನದಲ್ಲೇ ಒಬ್ಬೊಬ್ಬರದೂ ತಾನಾಗಿಯೇ ಹೊರಗೆ ಬಂತು, ಪಾತ್ರೆ ತೊಳೆಯುವಾಗ. ಮಗನನ್ನು ಕಳೆದುಕೊಂಡ ಮೇಲೂ ಅವನ ಕೋರ್‌ನ ಟ್ರಕ್ಕಿಗೆ ಬರುವುದನ್ನು ಬಿಡದ ಅಜ್ಜ ಒಬ್ಬರಿದ್ದಾರೆ. ಮೊಟ್ಟೆ ಒಡೆಯುವುದು ಅವರ ಕೆಲಸ, ಒಂದು ಬೆಳಿಗ್ಗೆಗೆ ನೂರಾರು. ಅವರ ಪಕ್ಕ ನಿಂತು ಕೆಲಸ ಮಾಡಿದ ಆ ಬೆಳಗಿನ ಜಾವಗಳಲ್ಲಿ ನಾನು ಸರಿಯಾಗಿ ಉಸಿರಾಡಲು ಶುರುಮಾಡಿದೆ. ನಾವು ಹೆಚ್ಚು ಮಾತಾಡಿದ್ದೇ ಇಲ್ಲ.

2025ರ ಬೇಸಿಗೆಯ ಕೊನೆಯ ವಾರ ಆ ಅಜ್ಜನೇ, "ನಿಮ್ಮ ಕಡೆಯದು ಏನಾದರೂ ಮಾಡಿ" ಅಂದರು. ಚಿತ್ರಾನ್ನ ಅಂದೆ. ಕಡಲೆಬೀಜ ಹಾಕುವಂತಿರಲಿಲ್ಲ, ಕೆಲವು ಮಕ್ಕಳಿಗೆ ಅಲರ್ಜಿ. ಬದಲಿಗೆ ಕಡಲೆಬೇಳೆ ಕೈ ಬಿಟ್ಟು ಹಾಕಿದೆ. ಕರಿಬೇವು ನಮ್ಮ ಹಿತ್ತಲಿನದು, ನನ್ನವಳು ಕುಂಡದಲ್ಲಿ ನೆಟ್ಟ ಗಿಡದ್ದು; ಐಸ್ ಪೆಟ್ಟಿಗೆಯಲ್ಲಿಟ್ಟು ಡಲ್ಲಾಸ್‌ನಿಂದ ತಂದಿದ್ದೆ. ಒಗ್ಗರಣೆಯ ಘಾಟಿಗೆ ಅಜ್ಜ ಸೀನಿದರು.

ಮಗಳ ಕೋರ್ ಶನಿವಾರದ ಫೈನಲ್‌ಗೆ ಹೋಗಲಿಲ್ಲ, ಅಲ್ಲಿಗೆ ಹನ್ನೆರಡೇ ತಂಡ. 1940ರಲ್ಲಿ ಶುರುವಾದ ಬಾಸ್ಟನ್ ಕ್ರುಸೇಡರ್ಸ್ ಕೋರ್‌ನವರು ಆ ಸಲ ತಮ್ಮ ಮೊದಲ ಚಾಂಪಿಯನ್ ಪಟ್ಟ ಗೆದ್ದರು. ಅಷ್ಟು ತಲೆಮಾರು ಕಾದವರ ಖುಷಿ ನೋಡಿ ನಮಗೂ ಖುಷಿಯಾಯಿತು. ಆದರೆ ನಮ್ಮ ಕೊನೆ ಶುಕ್ರವಾರವೇ ಆಯಿತು.

ಹಾಡು ಮುಗಿದು ಅತ್ತು ಕರೆದು ಆದ ಮೇಲೆ ಮಕ್ಕಳು ಟ್ರಕ್ಕಿನ ಮುಂದೆ ಸಾಲು ನಿಂತರು. ಬೇಸ್ ಡ್ರಮ್ಮಿನ ಐವರೂ ಬಂದರು. ಡ್ರಮ್ಮುಗಳು ಆಗಲೇ ಲಾರಿ ಸೇರಿದ್ದವು, ಆದರೂ ರೂಢಿಯಂತೆ ಅದೇ ಕ್ರಮದಲ್ಲಿ, ಸಣ್ಣ ಡ್ರಮ್ಮಿನವನು ಮೊದಲು, ದೊಡ್ಡದರವನು ಕೊನೆಗೆ. ನಡುವೆ ನನ್ನ ಮಗಳು, ಕೈಯಲ್ಲಿ ತಟ್ಟೆ. ನಾನು ಸೌಟು ಎತ್ತಿಕೊಂಡು ಒಬ್ಬೊಬ್ಬರಿಗೆ ಬಡಿಸುತ್ತ ಬಂದೆ. ಮೂರನೆಯವಳಿಗೆ ಒಂದು ಸೌಟು ಜಾಸ್ತಿ ಹಾಕಿದೆ.